ಹೊರಗಿನವರ ಮುಂದೆ

ನಾನು ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಅಪ್ಪ ಮಾತು ಕೊಟ್ಟಾಗಿತ್ತು.

“ಆಯ್ತು ಸಾರ್, ಲಿಫ್ಟ್ ರೆಡಿ. ಯಾರು ಬೇಕಾದ್ರೂ ಹತ್ತಬಹುದು,” ಎಂದು ಅವರು ಕಟ್ಟಡದ ಕಾರ್ಯದರ್ಶಿಗೆ ಹೇಳುತ್ತಿದ್ದರು. ಲಿಫ್ಟ್ ರೆಡಿಯಾಗಿರಲಿಲ್ಲ. ಮೇಲೆ ತಾರಸಿಯ ಮೆಷಿನ್ ರೂಮಿನಲ್ಲಿ, ಪ್ಯಾನೆಲ್ಲಿನ ಒಳಗೆ, ಗೇಣುದ್ದದ ಕೆಂಪು ವೈರೊಂದು ಇನ್ನೂ ಕಚ್ಚಿಕೊಂಡು ಕೂತಿತ್ತು. ಅದನ್ನು ಕಣ್ಣಾರೆ ನೋಡಿಯೇ ನಾನು ಕೆಳಗೆ ಓಡಿಬಂದಿದ್ದೆ.

ಆ ವೈರಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಅಲುಗಾಡಬಾರದು. ಅದಕ್ಕೆಂದೇ ಪ್ರತಿ ಮಹಡಿಯ ಬಾಗಿಲಿಗೂ ಕಾವಲಿಗೆ ಒಂದು ಸ್ವಿಚ್ ಇರುತ್ತದೆ. ಅವುಗಳಲ್ಲಿ ಒಂದು ಕೆಟ್ಟಾಗ, ರಿಪೇರಿಯ ಹೊತ್ತಿಗೆ ಮಾತ್ರ, ಎಲ್ಲ ಬಾಗಿಲೂ ಮುಚ್ಚಿವೆ ಎಂದು ಯಂತ್ರವನ್ನು ನಂಬಿಸಲು ಒಂದು ವೈರು ಸಿಕ್ಕಿಸುತ್ತೇವೆ. ಜಂಪರ್ ಎನ್ನುತ್ತೇವೆ ಅದಕ್ಕೆ. ಕೆಲಸ ಮುಗಿದ ಮೇಲೆ ಅದನ್ನು ಕೀಳದೆ ಬಿಟ್ಟರೆ ಲಿಫ್ಟಿಗೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಗೊತ್ತೇ ಆಗುವುದಿಲ್ಲ. ಹತ್ತುವವರು ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ಎತ್ತುವ ಮೊದಲೇ ಅದು ಮೇಲಕ್ಕೆ ಹೊರಟುಬಿಡಬಹುದು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ನೋಡಿದ ಕೂಡಲೇ ಕಿತ್ತು ಬಿಸಾಡಬಾರದಿತ್ತೇ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಜಂಪರ್ ಹಾಕಿದ ಕೈಯೇ ಅದನ್ನು ತೆಗೆಯಬೇಕು, ಬೇರೆಯವರು ಮುಟ್ಟಕೂಡದು ಎಂದು ಅಪ್ಪ ಅಣ್ಣನ ತಲೆಗೂ ನನ್ನ ತಲೆಗೂ ಮೊಳೆ ಹೊಡೆದ ಹಾಗೆ ತುಂಬಿದ್ದರು. ಒಬ್ಬರು ಕೆಳಗೆ ಕೆಲಸದಲ್ಲಿರುವಾಗ ಮೇಲಿನವರು ತಮ್ಮ ಬುದ್ಧಿ ಓಡಿಸಿದರೆ ಜೀವ ಹೋಗುತ್ತದೆ. ಅಪ್ಪ ಇನ್ನೂ ಸ್ವಿಚ್ ಕೆಟ್ಟಿದ್ದ ಮೂರನೇ ಮಹಡಿಯ ಬಾಗಿಲಲ್ಲೇ ಇದ್ದಾರೆ, ಕೇಳಿಬರೋಣ ಎಂದು ಇಳಿದೆ. ಅಲ್ಲಿ ಅವರಿರಲಿಲ್ಲ. ಕೆಳಗೆ ಬಂದು ನೋಡಿದರೆ ಜನ ಆಗಲೇ ಚೀಲ ಎತ್ತಿಕೊಂಡು ಸಾಲಾಗಿ ನಿಂತಿದ್ದಾರೆ.

ಸಾಲಿನ ಮುಂದೆ ಎರಡನೇ ಮಹಡಿಯ ಅಜ್ಜಿ. ತೊಡೆಯವರೆಗೂ ಪ್ಲಾಸ್ಟರ್ ಹಾಕಿದ ಕಾಲನ್ನು ಮುಂದಕ್ಕೆ ಚಾಚಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಆಸ್ಪತ್ರೆಯಿಂದ ಬಂದವರು ಲಿಫ್ಟಿಗಾಗಿ ಕಾದು ಕಾದು ಬಾಡಿಹೋಗಿದ್ದರು. ಹಿಂದೆ ಕುರ್ಚಿಯ ಹಿಡಿ ಹಿಡಿದುಕೊಂಡು ಅವರ ಸೊಸೆ. ಪಕ್ಕದಲ್ಲಿ ಕಾರ್ಯದರ್ಶಿ. ಈ ಮನುಷ್ಯ ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆದರೂ ಬೆರಳೆತ್ತಿಯೇ ಮಾತಾಡುವುದರಿಂದ ಇಡೀ ಕಟ್ಟಡ ಅವರನ್ನು ಹೆಡ್‌ಮಾಸ್ತರು ಎನ್ನುತ್ತದೆ. ಬೆಳಿಗ್ಗೆ ನಾವು ಒಳಗೆ ಕಾಲಿಟ್ಟಾಗಲೇ ಆ ಬೆರಳು ಎದ್ದಿತ್ತು. “ಮೇಸ್ತ್ರಿ, ನಿಮಗೂ ವಯಸ್ಸಾಯ್ತು. ದೊಡ್ಡ ಕಂಪನಿಯವರು ಬಂದು ಮಾತಾಡಿ ಹೋಗಿದ್ದಾರೆ. ಈ ಸಲ ಮೀಟಿಂಗಲ್ಲಿ ಏನಾಗುತ್ತೋ ನಾನು ಹೇಳೋಕಾಗಲ್ಲ.” ಅಪ್ಪ ನಕ್ಕಿದ್ದರು. ನಗುವಾಗ ಕುತ್ತಿಗೆಯ ನರ ಉಬ್ಬಿದ್ದು ನನಗೆ ಮಾತ್ರ ಕಂಡಿತ್ತು.

ಅಣ್ಣ ಗೋಡೆಯ ಬದಿಗೆ ಕೂತು ಸಾಮಾನಿನ ಚೀಲ ಕಟ್ಟುತ್ತಿದ್ದ. ನಾನು ಬಗ್ಗಿ ಅವನ ಕಿವಿಯಲ್ಲಿ, “ಜಂಪರ್ ಹಾಗೇ ಇದೆ,” ಎಂದೆ.

ಅವನ ಕೈ ನಿಂತಿತು. “ಸರಿಯಾಗಿ ನೋಡಿದ್ಯಾ?”

“ಕಣ್ಣಿಗೇನಾಗಿದೆ ನನಗೆ?”

“ಕೂಗ್ಬೇಡ. ಬಟ್ಟೆ ಕೊಡು,” ಎಂದ.

ಬಟ್ಟೆ ಕೊಡುವುದು ನಮ್ಮ ಮನೆಯ ಪದ್ಧತಿ. ಅಪ್ಪ ಹರೆಯದಲ್ಲಿದ್ದಾಗ ಒಮ್ಮೆ ಅವರಪ್ಪ, ಅಂದರೆ ನಮ್ಮ ತಾತ, ಕೆಲಸ ಕೊಟ್ಟವರ ಮುಂದೆಯೇ ಅವರನ್ನು ಹಿಗ್ಗಾಮುಗ್ಗಾ ಬೈದು, ಹಿಡಿದಿದ್ದ ಸ್ಪ್ಯಾನರ್ ಕಿತ್ತುಕೊಂಡಿದ್ದರಂತೆ. ಆ ಬೀದಿಯ ಜನ ಎಷ್ಟೋ ವರ್ಷ ಅಪ್ಪನನ್ನು ನೋಡಿದಾಗೆಲ್ಲ, “ಸ್ಪ್ಯಾನರ್ ಹುಷಾರು!” ಎಂದು ನಗುತ್ತಿದ್ದರಂತೆ. ತನ್ನ ಮಕ್ಕಳಿಗೆ ಇಂಥದ್ದು ಆಗಬಾರದು, ತನ್ನ ಮಕ್ಕಳಿಂದಲೂ ಯಾರಿಗೂ ಆಗಬಾರದು ಎಂದು ಅಪ್ಪ ಅವತ್ತೇ ನಿಶ್ಚಯಿಸಿಕೊಂಡರು. ಆದ್ದರಿಂದ ನಮ್ಮಲ್ಲಿ ಯಾರದ್ದಾದರೂ ತಪ್ಪು ಕಂಡರೆ ಬಾಯಿ ಬಿಡುವಂತಿಲ್ಲ. ಕೈ ಒರೆಸುವ ಬಟ್ಟೆಯನ್ನು ಅವರ ಕೈಗೆ ಕೊಡಬೇಕು. ತೆಗೆದುಕೊಂಡವರು, “ಕೈ ತೊಳ್ಕೊಂಡು ಬರ್ತೀನಿ,” ಎಂದು ಹೊರಟುಹೋಗಿ ತಮ್ಮ ಕೆಲಸವನ್ನು ಇನ್ನೊಮ್ಮೆ ನೋಡಿ ಸರಿಮಾಡಬೇಕು. ಹೊರಗಿನವರಿಗೆ ಸುಳಿವು ಸಿಗಬಾರದು. ಮನೆಗೆ ಹೋದ ಮೇಲೂ ಅದರ ಸೊಲ್ಲೆತ್ತುವಂತಿಲ್ಲ.

ನಾನು ಈ ಪದ್ಧತಿಯನ್ನು ಹೀಗಳೆಯುವವಳಲ್ಲ. ಇದರ ಋಣ ನನ್ನ ಮೇಲೆ ಬೇಕಾದಷ್ಟಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೆಣ್ಣುಮಗಳೊಬ್ಬಳು ಲಿಫ್ಟ್ ರಿಪೇರಿ ಮಾಡುವುದನ್ನು ನೋಡಲೆಂದೇ ಜನ ನಿಂತಿರುತ್ತಿದ್ದರು. ಆಗ ನಾನು ವೈರು ತಿರುವುಮುರುವು ಹಾಕಿದಾಗಲೆಲ್ಲ ಅಪ್ಪ ಬಟ್ಟೆ ಕೊಟ್ಟು ಸುಮ್ಮನೆ ಆಚೆ ನೋಡುತ್ತಿದ್ದರು. ಅವರು ಒಂದೇ ಒಂದು ಸಲ ಬೈದಿದ್ದರೂ ನಾನು ಈ ಕಸುಬಿಗೆ ಕೈಮುಗಿದು ಮನೆಯಲ್ಲಿ ಕೂರುತ್ತಿದ್ದೆ.

ಆದರೆ ಇತ್ತೀಚೆಗೆ ಬಟ್ಟೆ ಬರೇ ಒಂದೇ ದಿಕ್ಕಿಗೆ ಹೋಗುತ್ತಿತ್ತು. ಅಪ್ಪ ಬೋಲ್ಟು ಅರ್ಧ ಬಿಗಿದು ಮರೆಯುತ್ತಿದ್ದರು. ಟಾರ್ಚನ್ನು ಶಾಫ್ಟಿನೊಳಗೇ ಬಿಟ್ಟು ಬರುತ್ತಿದ್ದರು. ಮೊದಮೊದಲು ಬಟ್ಟೆ ಕೊಟ್ಟೆವು. ಆಮೇಲೆ ಅದೂ ಬೇಡವೆನಿಸಿ, ಅವರ ಬೆನ್ನ ಹಿಂದೆ ಅಣ್ಣನೋ ನಾನೋ ಹೋಗಿ ಸರಿಮಾಡಿ ಬರತೊಡಗಿದೆವು. ಹೀಗಾಗಿ ತಾನು ಮರೆಯುತ್ತಿದ್ದೇನೆ ಎನ್ನುವುದು ಊರಿಗೆಲ್ಲ ಇರಲಿ, ಅಪ್ಪನಿಗೇ ಗೊತ್ತಿರಲಿಲ್ಲ.

ಬಟ್ಟೆ ತೆಗೆದುಕೊಂಡು ಹೋಗಿ ಅಪ್ಪನ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಂಡರು. ಒಂದೊಂದೇ ಬೆರಳು ಒರೆಸಿಕೊಂಡರು. ಹೆಗಲ ಮೇಲೆ ಹಾಕಿಕೊಂಡು, “ಅಮ್ಮಾ, ಕುರ್ಚಿ ಹತ್ತಿರ ತನ್ನಿ,” ಎಂದು ಸೊಸೆಯನ್ನು ಕರೆದರು.

ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಬೇಡವೆನಿಸಿತೋ. ಮುಖದಲ್ಲಿ ಏನೂ ಇರಲಿಲ್ಲ. ಅಪ್ಪ ಜೇಬಿನಿಂದ ಕೀಲಿ ತೆಗೆದರು. ಬಾಗಿಲ ಪಕ್ಕದ ಬೀಗಕ್ಕೆ ಅದನ್ನು ಹಾಕಿ ತಿರುಗಿಸಿದರೆ ಲಿಫ್ಟಿಗೆ ಜೀವ ಬರುತ್ತದೆ. ಬಂದ ಮೇಲೆ ಮೇಲಿನ ಯಾವುದೋ ಮಹಡಿಯಲ್ಲಿ ಯಾರೋ ಬಟನ್ ಒತ್ತಿದರೆ ಸಾಕು, ಬಾಗಿಲು ತೆರೆದಿದ್ದರೂ ಹೊರಟುಬಿಡುತ್ತದೆ. ಗಾಲಿಕುರ್ಚಿಯ ಮುಂದಿನ ಚಕ್ರ ಆಗಲೇ ಹೊಸ್ತಿಲ ಹತ್ತಿರ ಬಂದಿತ್ತು. ಪ್ಲಾಸ್ಟರಿನ ಕಾಲು ಅದಕ್ಕೂ ಮುಂದೆ ಚಾಚಿಕೊಂಡಿತ್ತು.

“ಅಪ್ಪಾ, ನಿಲ್ಲಿ! ಜಂಪರ್ ತೆಗೆದಿಲ್ಲ ನೀವು!”

ಮನೆಯಲ್ಲಿ ನನಗೆ ರೇಡಿಯೋ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮೆಟ್ಟಿಲ ಮೇಲೆ ಕೂತವರೂ ಎದ್ದು ನಿಂತರು. ಸೊಸೆ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು. ನಾನು ಬೀಗದ ಮೇಲೆ ಅಂಗೈ ಒತ್ತಿ ನಿಂತೆ.

“ಏನಮ್ಮ ಅದು? ಏನು ತೆಗೆದಿಲ್ಲ?” ಹೆಡ್‌ಮಾಸ್ತರ ಬೆರಳು ಎದ್ದಿತು.

ಅಪ್ಪ ಅವರ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದಿಲ್ಲ. ಬೀದಿಯಲ್ಲಿ ಹೋಗುವ ಯಾರೋ ಬಂದು ಕಪಾಳಕ್ಕೆ ಹೊಡೆದ ಹಾಗಿತ್ತು ಆ ಮುಖ.

“ತೆಗೆದಿದ್ದೀನಿ,” ಎಂದರು ಮೆಲ್ಲಗೆ.

“ಇಲ್ಲ ಅಪ್ಪ. ಈಗ ತಾನೆ ನೋಡ್ಕೊಂಡು ಬಂದೆ.”

“ನಾನು ತೆಗೆದಿದ್ದೀನಿ ಅಂತ ಹೇಳ್ತಿದ್ದೀನಲ್ಲ.” ಅವರು ಅಣ್ಣನ ಕಡೆ ತಿರುಗಿದರು. “ನೀನು ಹೇಳೋ. ನೀನೂ ಮೇಲೆ ಇದ್ದೆ.”

ಅಣ್ಣ ಎದ್ದು ನಿಂತ. ಅವನು ಗುಮ್ಮನಗುಸುಕ, ಮನಸ್ಸಿನಲ್ಲಿರುವುದು ಮುಖಕ್ಕೆ ಬರುವುದೇ ಇಲ್ಲ. ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಸುತ್ತ ನಿಂತವರನ್ನು ನೋಡಿದ.

“ಅಪ್ಪ ತೆಗೆದಿದ್ದಾರೆ,” ಎಂದ. “ನಾನೇ ನೋಡಿದೀನಿ. ಇವಳಿಗೇನೋ ಗೊಂದಲ.”

ಜನ ಉಸಿರು ಬಿಟ್ಟರು. ಯಾರೋ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿಯಿತು. ಇವನು ಸುಳ್ಳು ಹೇಳುವುದು ನನಗೆ ಹೊಸದಲ್ಲ, ಬೇಕೆಂದಾಗ ನಾನೂ ಹೇಳುತ್ತೇನೆ. ಆದರೆ ಒಂದು ಮುದಿಜೀವವನ್ನು ಬಾಗಿಲಲ್ಲಿ ಇಟ್ಟುಕೊಂಡು ಕಣ್ಣು ಮಿಟುಕಿಸದೆ ಹೇಳಿದ್ದನಲ್ಲ!

“ಅಜ್ಜೀನ ಹತ್ತಿಸ್ಬೇಡಿ,” ಎಂದೆ ಸೊಸೆಗೆ. “ನಾನು ಹೇಳ್ತಿದ್ದೀನಿ, ಬೇಡ.”

“ಮೇಸ್ತ್ರಿ, ಏನಿದು ನಿಮ್ಮ ಮನೆ ನಾಟಕ?” ಎಂದರು ಹೆಡ್‌ಮಾಸ್ತರು. “ಒಬ್ಬರು ಹೂಂ ಅಂತೀರಿ, ಒಬ್ಬರು ಊಹೂಂ ಅಂತೀರಿ. ನಾವು ಯಾರನ್ನ ನಂಬೋದು?”

ಅಪ್ಪ ನನ್ನ ಮಣಿಕಟ್ಟು ಹಿಡಿದು ಬೀಗದ ಮೇಲಿನ ಕೈಯನ್ನು ಪಕ್ಕಕ್ಕೆ ಸರಿಸಿದರು. ಕೋಪದಿಂದಲ್ಲ, ದಾರಿಗೆ ಅಡ್ಡ ಬಂದ ಟೊಂಗೆಯನ್ನು ಸರಿಸುವ ಹಾಗೆ. ಕೀಲಿ ತಿರುಗಿಸಿದರು. ಲಿಫ್ಟಿನ ಒಳಗೆ ದೀಪ ಹತ್ತಿತು. “ಯಾರನ್ನೂ ನಂಬ್ಬೇಡಿ ಸಾರ್. ನಿಮ್ಮ ಕಣ್ಣನ್ನೇ ನಂಬಿ. ಇವಳು ಹೇಳೋ ವೈರು ಮೇಲೆ ಇದ್ರೆ ಬಾಗಿಲು ತೆರೆದಿದ್ರೂ ಲಿಫ್ಟ್ ಓಡುತ್ತೆ. ಇಲ್ಲ ಅಂದ್ರೆ ಜಪ್ಪಯ್ಯ ಅಂದ್ರೂ ಕದಲಲ್ಲ. ನಾನು ಬಾಗಿಲು ಹಿಡ್ಕೊಂಡು ಬಟನ್ ಒತ್ತಿ ತೋರಿಸ್ತೀನಿ.”

ಹೇಳಿ ಅವರು ಒಂದು ಕಾಲು ಲಿಫ್ಟಿನೊಳಗಿಟ್ಟು, ಇನ್ನೊಂದನ್ನು ಹೊರಗಿನ ನೆಲದ ಮೇಲೇ ಬಿಟ್ಟು, ಮುಚ್ಚಲು ಬಂದ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

ಹಾಗೆ ನಿಲ್ಲಬೇಡಿ ಎಂದು ಕಂಡಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮನುಷ್ಯ. ತನ್ನ ಕೈ ವೈರು ಕಿತ್ತಿದೆ ಎಂದು ಅವರಿಗೆ ಎಷ್ಟು ನಂಬಿಕೆಯಿತ್ತೆಂದರೆ, ಅಲ್ಲಿ ಕಾಲಿಡುವಾಗ ಒಂದಿಷ್ಟೂ ಅಳುಕಲಿಲ್ಲ.

ನಾನು ಅಣ್ಣನ ಕಡೆ ನೋಡಿದೆ. ಈಗಲಾದರೂ ಬಾಯಿ ಬಿಡುತ್ತಾನೆ ಎಂದುಕೊಂಡೆ. ಅವನ ಮುಖ ಸುಣ್ಣ ಬಳಿದ ಹಾಗೆ ಬಿಳಚಿತ್ತು. ಬಾಯಿ ತೆರೆದ. ಮುಚ್ಚಿಕೊಂಡ. ಮರುಕ್ಷಣ ಜನರ ಹಿಂದಿನಿಂದ ನುಸುಳಿ ಮೆಟ್ಟಿಲಿನ ಕಡೆ ಓಡಿದ.

ವೈರು ಕೀಳಲು ಹೋದ ಎಂದು ತಿಳಿಯಿತು. ಐದು ಮಹಡಿಯ ಮೆಟ್ಟಿಲು, ಆಮೇಲೆ ತಾರಸಿ, ಆಮೇಲೆ ಮೆಷಿನ್ ರೂಮಿನ ಆ ಹಾಳು ಚಿಲಕ. ಅಪ್ಪನ ಬೆರಳಿಂದ ಬಟನ್ನಿಗೆ ಇದ್ದದ್ದು ಒಂದು ಮೊಳ ದೂರ.

“ಅಪ್ಪ, ಎರಡೂ ಕಾಲು ಒಳಗಿಡಿ,” ಎಂದೆ.

“ಯಾಕೆ? ವೈರು ಇಲ್ವಲ್ಲ.”

“ನಿಮ್ಮ ಕಾಲಿಗೆ ಬೀಳ್ತೀನಿ. ಒಳಗಿಡಿ.”

“ಎಲ್ಲರ ಮುಂದೆ ನನ್ನ ಮರ್ಯಾದೆ ಬೀದಿಗೆ ತಂದು ಈಗ ಕಾಲಿಗೆ ಬೀಳ್ತೀಯಾ?”

ಮೆಟ್ಟಿಲಲ್ಲಿ ಅಣ್ಣನ ಹೆಜ್ಜೆಯ ಸದ್ದು ಮೇಲೆ ಮೇಲೆ ಹೋಗುತ್ತಿತ್ತು. ಇನ್ನೂ ಅರ್ಧವೂ ಹೋಗಿಲ್ಲ. ನನಗೆ ಆಗ ಸತ್ಯವೂ ಬೇಕಿರಲಿಲ್ಲ, ಏನೂ ಬೇಕಿರಲಿಲ್ಲ. ಅಪ್ಪನ ತೋಳು ಹಿಡಿದು ಎಳೆದೆ. ಕೊಡವಿಕೊಂಡರು. ಮುಪ್ಪು ಬಂದರೂ ಹಗ್ಗ ಎಳೆದ ತೋಳು ಅದು, ನನ್ನ ಕೈಗೆ ಬಗ್ಗುವಂಥದ್ದಲ್ಲ.

“ನಂದೇ ತಪ್ಪು!” ಎಂದು ಕಿರುಚಿದೆ. “ನಾನು ಸರಿಯಾಗಿ ನೋಡ್ಲಿಲ್ಲ. ನೀವು ತೆಗೆದಿದ್ದೀರಿ. ಎಲ್ಲರೂ ಕೇಳಿಸ್ಕೊಳ್ಳಿ, ನಮ್ಮಪ್ಪ ತೆಗೆದಿದ್ದಾರೆ, ನಾನು ಸುಳ್ಳಿ. ಈಗ ಹೊರಗೆ ಬನ್ನಿ ಅಪ್ಪ.”

ಅಪ್ಪನ ಮುಖ ಒಂದು ಕ್ಷಣ ಸಡಿಲವಾಯಿತು. ಕಾಲು ತೆಗೆದೇಬಿಡುತ್ತಿದ್ದರೇನೋ. ಅಷ್ಟರಲ್ಲಿ ಹೆಡ್‌ಮಾಸ್ತರು ಅಡ್ಡಬಾಯಿ ಹಾಕಿದರು. “ಅದೆಲ್ಲ ಬೇಡ. ಒಮ್ಮೆ ಅನುಮಾನ ಬಂತಲ್ಲ, ಒತ್ತಿ ತೋರಿಸ್ಲಿ. ಇಲ್ಲಾಂದ್ರೆ ಅಜ್ಜಿ ಹತ್ತೋದು ಹೇಗೆ?”

“ತೋರಿಸ್ತೀನಿ,” ಎಂದು ಅಪ್ಪ ಕೈ ಚಾಚಿದರು.

“ಅಪ್ಪ, ಒಂದ್ನಿಮಿಷ! ನಂಗೆ… ನಂಗೆ ತಲೆ ಸುತ್ತುತ್ತಿದೆ,” ಎಂದು ನಾನು ಅಲ್ಲೇ ಕುಸಿದು ಕೂತು ಹೊರಗಿದ್ದ ಅವರ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ನಾಟಕ ಎನ್ನುತ್ತೀರೋ ಏನೆನ್ನುತ್ತೀರೋ ಅನ್ನಿ. ಲಿಫ್ಟ್ ಹೊರಟರೆ ಆ ಕಾಲನ್ನು ಹೊರಗೆಳೆಯಬೇಕೋ ಒಳಗೆ ತಳ್ಳಬೇಕೋ ನನಗೆ ಗೊತ್ತಿರಲಿಲ್ಲ. ಅಜ್ಜಿ, “ಅಯ್ಯೋ, ಮಗೂನ ನೋಡ್ರೀ,” ಎಂದರು. ಯಾರೋ ನೀರು ತನ್ನಿ ಎಂದರು. ಅಪ್ಪ ಬಗ್ಗಿ ನೋಡಿದರು. ನಾನು ಅವರ ಕಾಲಿಗೆ ಹಣೆ ಒತ್ತಿಕೊಂಡು ಮೇಲಿನ ಸದ್ದಿಗೆ ಕಿವಿಗೊಟ್ಟೆ. ಹೆಜ್ಜೆಗಳು ಕೇಳಿಸುತ್ತಿರಲಿಲ್ಲ. ತಾರಸಿ ತಲುಪಿದನೋ, ಎಲ್ಲಾದರೂ ಎಡವಿ ಬಿದ್ದನೋ.

“ಏಳು,” ಎಂದರು ಅಪ್ಪ. “ಎದ್ದು ನೋಡು.”

ಹೇಳಿ ಬಟನ್ ಒತ್ತಿದರು.

ಏನೂ ಆಗಲಿಲ್ಲ. ಬಾಗಿಲು ಅವರ ಬೆನ್ನಿಗೆ ತಾಗಿ ಹಿಂದೆ ಸರಿಯಿತು. ಅವರು ಮತ್ತೆ ಒತ್ತಿದರು. ಬಟನ್ನಿನ ದೀಪ ಹತ್ತಿತು, ಲಿಫ್ಟ್ ಬಂಡೆಯ ಹಾಗೆ ನಿಂತಿತ್ತು.

ಜನ ಚಪ್ಪಾಳೆ ತಟ್ಟಿದರು. ನಿಜವಾಗಿಯೂ ತಟ್ಟಿದರು. ಹೆಡ್‌ಮಾಸ್ತರು ಬೆರಳು ಮಡಚಿ ಅಪ್ಪನ ಬೆನ್ನು ತಟ್ಟುತ್ತ, “ಮೇಸ್ತ್ರಿ ಅಂದ್ರೆ ಮೇಸ್ತ್ರಿ. ಮೀಟಿಂಗಲ್ಲಿ ನಾನೇ ನಿಮ್ಮ ಪರ ಮಾತಾಡ್ತೀನಿ,” ಎಂದರು. ನಾನು ನೆಲದಲ್ಲೇ ಕೂತಿದ್ದೆ. ಅಪ್ಪನ ಕಾಲು ಉಳಿದಿತ್ತು, ನನಗೆ ಅಷ್ಟು ಸಾಕಾಗಿತ್ತು.

ಅಣ್ಣ ಇಳಿದು ಬಂದ. ಅಂಗಿ ಮೈಗೆ ಅಂಟಿತ್ತು. ಪ್ಯಾಂಟಿನ ಜೇಬಿನೊಳಗೆ ಮುಷ್ಟಿ ಇತ್ತು. ನನ್ನ ಪಕ್ಕ ಬಂದು ನಿಂತು, ತುಟಿ ಅಲುಗಿಸದೆ, “ಮುಗೀತು. ಸುಮ್ನಿರು,” ಎಂದ.

ಸುಮ್ಮನಿರುತ್ತಿದ್ದೆ. ಲಿಫ್ಟ್ ಈಗ ಸರಿಯಿತ್ತು, ಅಜ್ಜಿ ನಿಶ್ಚಿಂತೆಯಿಂದ ಮೇಲೆ ಹೋಗಬಹುದಿತ್ತು, ಕಟ್ಟಡದ ಕೆಲಸವೂ ಕೈತಪ್ಪುತ್ತಿರಲಿಲ್ಲ. ಸುಳ್ಳಿ ಎನ್ನಿಸಿಕೊಂಡದ್ದು ನಾನೊಬ್ಬಳು. ಅದನ್ನು ನುಂಗಿಕೊಳ್ಳುವುದು ಕಷ್ಟವೇನಲ್ಲ. ಆದರೆ ಅಪ್ಪ ಲಿಫ್ಟಿನಿಂದ ಹೊರಬಂದು, ಗೆದ್ದ ಹುರುಪಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ನನಗೆ ಹೇಳಿದರು: “ನಾಳೆ ಆಸ್ಪತ್ರೆ ಲಿಫ್ಟಿಗೆ ನೀವಿಬ್ಬರೂ ಬರೋದು ಬೇಡ. ನಾನೊಬ್ಬನೇ ನೋಡ್ಕೋತೀನಿ.”

ನಾಳೆ ಅವರು ಒಬ್ಬರೇ ಇರುತ್ತಾರೆ. ಮೆಟ್ಟಿಲು ಹತ್ತಿ ಓಡುವವರು ಯಾರೂ ಇರುವುದಿಲ್ಲ. ಹೊಸ್ತಿಲ ಮೇಲೆ ಇನ್ನೊಂದು ಕುರ್ಚಿ ಇರುತ್ತದೆ, ಇಲ್ಲವೇ ಸ್ಟ್ರೆಚರ್.

“ಜೇಬಲ್ಲಿರೋದು ತೆಗಿ,” ಎಂದೆ ಅಣ್ಣನಿಗೆ.

“ಮನೇಲಿ ಮಾತಾಡೋಣ.”

“ಮನೇಲಿ ಯಾವತ್ತು ಮಾತಾಡಿದ್ದೀವಿ?”

ಅವನು ಹಿಂದೆ ಸರಿದ. ನಾನು ಎದ್ದು ಅವನ ಮಣಿಕಟ್ಟು ಹಿಡಿದೆ. ಚಿಕ್ಕವರಿದ್ದಾಗ ಪೆನ್ಸಿಲಿಗೆ ಜಗಳಾಡಿದ ಹಾಗೆ, ಅಷ್ಟು ದೊಡ್ಡವರಾದ ನಾವು, ಅಷ್ಟು ಜನರೆದುರು ಕಿತ್ತಾಡಿದೆವು. ಮುಷ್ಟಿ ಬಿಚ್ಚಿತು. ಕೆಂಪು ವೈರು ನೆಲಕ್ಕೆ ಬಿತ್ತು.

ಅಪ್ಪ ಬಗ್ಗಿ ಎತ್ತಿಕೊಂಡರು. ಅದರ ಎರಡು ತುದಿಗೂ ಅವರೇ ಸುತ್ತಿದ ಬಿಳಿ ಟೇಪಿತ್ತು. ಹೌದೋ ಅಲ್ಲವೋ ಎನ್ನುವ ಹಾಗೆ ಹೆಬ್ಬೆರಳಿನಿಂದ ಟೇಪನ್ನು ಸವರಿದರು. ಅಣ್ಣನ ಬೆವರನ್ನು, ಏರಿಳಿಯುತ್ತಿದ್ದ ಎದೆಯನ್ನು ನೋಡಿದರು. ಕಸುಬು ಬಲ್ಲವರಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ.

“ಈಗ ತೆಗೆದ್ಯಾ?”

ಅಣ್ಣ ತಲೆ ತಗ್ಗಿಸಿದ.

“ನಾನು ಕಾಲಿಟ್ಟಾಗ ಇದು ಅಲ್ಲೇ ಇತ್ತಾ?”

“ಅಪ್ಪ, ನಿಮ್ಮ ಮರ್ಯಾದೆ…”

“ನನ್ನ ಕಾಲು ಹೊಸ್ತಿಲ ಮೇಲಿತ್ತು ಕಣೋ,” ಎಂದರು ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳುವವರ ಹಾಗಿತ್ತು. “ನೀನು ನೋಡ್ತಿದ್ದೆ. ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ.”

“ಇಷ್ಟು ಜನರ ಮುಂದೆ ಹೇಗಪ್ಪ ಹೇಳ್ಲಿ?” ಎಂದ ಅಣ್ಣ. “ಹೇಳೋಕೆ ಬಾಯಿ ತೆರೆದೆ. ಬರ್ಲೇ ಇಲ್ಲ. ಹಾಗೆ ಹೇಳೋದನ್ನ ನೀವು ನಮಗೆ ಕಲಿಸ್ಲೇ ಇಲ್ವಲ್ಲ.”

ಅವನು ಅಳುತ್ತಿದ್ದ. ಅವನ ಮೇಲಿದ್ದ ನನ್ನ ಕೋಪವೆಲ್ಲ ಅಲ್ಲೇ ಇಳಿದುಹೋಯಿತು. ಇವನು ಹೇಡಿಯಲ್ಲ. ಅಪ್ಪ ಹೇಳಿದ್ದನ್ನು ನನಗಿಂತ ಚೆನ್ನಾಗಿ ಕಲಿತವನು, ಅಷ್ಟೇ.

“ನಿನಗೂ ಅದನ್ನೇ ಕಲಿಸಿದ್ದೆ,” ಎಂದು ಅಪ್ಪ ನನ್ನ ಕಡೆ ತಿರುಗಿದರು. ಬೈಗುಳವೋ, ಬೆರಗೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

“ಹೌದಪ್ಪ,” ಎಂದೆ.

ಅಪ್ಪ ವೈರನ್ನು ಕೈಯಲ್ಲಿ ಹಿಡಿದುಕೊಂಡೇ ಹೆಡ್‌ಮಾಸ್ತರ ಎದುರು ನಿಂತರು. “ಸಾರ್, ಮಗಳು ಹೇಳಿದ್ದೇ ನಿಜ. ಇದನ್ನ ತೆಗೆಯೋಕೆ ನಾನು ಮರ್ತಿದ್ದೆ. ಮಗ ಈಗ ಓಡಿಹೋಗಿ ತೆಗೆದ. ಇದೊಂದೇ ಸಲ ಅಲ್ಲ ಅಂತ ಕಾಣುತ್ತೆ, ಇವರ ಮುಖ ನೋಡಿದ್ರೆ ಗೊತ್ತಾಗುತ್ತೆ. ನನಗೆ ಯಾರೂ ಹೇಳಿರ್ಲಿಲ್ಲ.”

ಹೊರಗಿನವರ ಮುಂದೆ ನಮ್ಮಪ್ಪ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಠ ಹಿಡಿದು ಆ ಮಾತನ್ನು ಹೊರಡಿಸಿದವಳು ನಾನೇ. ಆದರೂ ಕೇಳುವಾಗ ಕಿವಿ ಮುಚ್ಚಿಕೊಳ್ಳಬೇಕೆನಿಸಿತು, ಅಲ್ಲಿದ್ದ ಒಬ್ಬೊಬ್ಬರ ಕಿವಿಯನ್ನೂ ಹೋಗಿ ಮುಚ್ಚಬೇಕೆನಿಸಿತು. ಹೆಡ್‌ಮಾಸ್ತರ ಬೆರಳು ಏಳಲಿಲ್ಲ. ಅಪ್ಪ ಹಿಂದೆ ಹಿಂದೆ ನಡೆದು ಮೆಟ್ಟಿಲ ಮೇಲೆ ಕೂತು, ಅಷ್ಟು ಹೊತ್ತು ಹೊಸ್ತಿಲ ಹೊರಗಿಟ್ಟಿದ್ದ ಆ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಆಮೇಲೆ ಅವರ ಭುಜ ನಡುಗತೊಡಗಿತು.

ಜನ ನೋಡುತ್ತಿದ್ದರು. ನಾನು ಹೋಗಿ ಅವರ ಮುಂದೆ ನಿಂತೆ. ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಅಣ್ಣನೂ ಬಂದು ನಿಂತ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಗಿನವರಿಗೆ ಅಪ್ಪನ ಮುಖ ಕಾಣದ ಹಾಗೆ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಅಡ್ಡ ನಿಂತೆವು.